ಸ್ಲಾಟ್ ಮಷೀನಿನ ಚೀಟಿ ದುಡ್ಡಾಗುವವರೆಗೆ: ಕ್ಯಾಷ್ ಔಟ್ ಮಾಡುವ ಸರಿಯಾದ ಕ್ರಮ

ಹೋದ ಏಪ್ರಿಲ್‌ನಲ್ಲಿ ಕೇಶ್ವಾಪುರದ ಹುಡುಗನೊಬ್ಬ ನನ್ನ ಅಂಗಡಿಗೆ ಬಂದು ಟೇಬಲ್ ಮೇಲೆ ಒಂದು ಕಾಗದ ಇಟ್ಟ. ಹೆಚ್ಚುಕಡಿಮೆ 500ರ ನೋಟಿನಷ್ಟೇ ಉದ್ದಗಲ. ಒಂದು ಕಡೆ ಇದ್ದಿಲಿನ ಹಾಗೆ ಕಪ್ಪು, ಇನ್ನೊಂದು ಕಡೆ ಮಬ್ಬು ಬೂದು. ನಡುವೆ ಬಾರ್‌ಕೋಡಿನ ನಾಲ್ಕೈದು ಗೆರೆ ಮಾತ್ರ ಉಳಿದಿದ್ದವು. "ಅಣ್ಣಾ, ಇದರಾಗ ನಾಕ್ ಸಾವಿರದ ಆರನೂರು ರೂಪಾಯಿ ಐತಿ. ನೀವು ಅಲ್ಲೇ ಕೆಲಸ ಮಾಡೀರಲ್ಲ, ಹೆಂಗರ ಮಾಡಿ ತಗಸ್ರಿ" ಅಂದ. ಗೋವಾದಿಂದ ಬರುವಾಗ ಚೀಟಿಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಮರೆತಿದ್ದ. ಆಮೇಲೆ ಎರಡು ವಾರ ಕಾರು ಬಿಸಿಲಲ್ಲೇ ನಿಂತಿತ್ತು.

ಪಣಜಿಯ ಒಂದು ತೇಲುವ ಕ್ಯಾಸಿನೊದ ಹಣದ ಕೌಂಟರಿನಲ್ಲಿ ನಾನು ಕೆಲವು ವರ್ಷ ಕೂತಿದ್ದೆ. ಈಗ ಕೊಪ್ಪೀಕರ್ ರಸ್ತೆಯ ಹತ್ತಿರ ಬಿಲ್ ಪ್ರಿಂಟರ್ ರಿಪೇರಿ ಅಂಗಡಿ. ತಿಂಗಳಿಗೆ ಒಬ್ಬರಾದರೂ ಇಂಥ ಚೀಟಿ ಹಿಡಿದುಕೊಂಡು ಬರುತ್ತಾರೆ. ಅಳಿಸಿಹೋದ ಚೀಟಿ, ಅರ್ಧ ಹರಿದ ಚೀಟಿ, ಅವಧಿ ಮುಗಿದ ಚೀಟಿ, ನಗದು ಸಿಗುವುದಿಲ್ಲ ಅಂತ ಮೇಲೇ ಅಚ್ಚಾಗಿದ್ದರೂ ಓದದೇ ತಂದ ಚೀಟಿ. ಎಲ್ಲರೂ ಮಾಡುವುದು ಅವೇ ಐದಾರು ತಪ್ಪು. ಅದಕ್ಕೇ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಆಡಿ ಅಂತ ಹೇಳುತ್ತಿಲ್ಲ. ಗೆಲ್ಲುವ ಉಪಾಯವೂ ಇಲ್ಲಿಲ್ಲ, ಅಂಥದ್ದು ಇದ್ದಿದ್ದರೆ ನಾನು ಪ್ರಿಂಟರ್ ರಿಪೇರಿ ಮಾಡುತ್ತ ಕೂರುತ್ತಿರಲಿಲ್ಲ. ಮಷೀನಿನಲ್ಲಿ ಉಳಿದ ದುಡ್ಡು ನಿಮ್ಮ ಜೇಬಿಗೆ ವಾಪಸ್ ಬರುವ ದಾರಿ ಮಾತ್ರ ಇದು.

ಶುರು ಮಾಡುವ ಮುಂಚೆ: ದುಡ್ಡು ಇರುವುದೆಲ್ಲಿ?

ಇದೊಂದು ತಿಳಿದರೆ ಮುಂದಿನದ್ದೆಲ್ಲ ಸಲೀಸು. ಸ್ಲಾಟ್ ಮಷೀನು ಅಂದರೆ ದುಡ್ಡು ಹಾಕಿ, ಬಟನ್ ಒತ್ತಿ ಚಕ್ರ ತಿರುಗಿಸುವ ಜೂಜಿನ ಯಂತ್ರ. ಮೊದಲು ಇವು ಗೆದ್ದವರಿಗೆ ನಾಣ್ಯ ಸುರಿಸುತ್ತಿದ್ದವು. ಈಗ ಚೀಟಿ ಕೊಡುತ್ತವೆ. ಈ ವ್ಯವಸ್ಥೆಗೆ ಅಲ್ಲಿನವರು 'ಟಿಟೊ' ಅನ್ನುತ್ತಾರೆ. 'ಟಿಕೆಟ್ ಇನ್, ಟಿಕೆಟ್ ಔಟ್', ಚೀಟಿ ಒಳಗೆ, ಚೀಟಿ ಹೊರಗೆ ಅಂತ ಅರ್ಥ.

ಉಳಿದ ದುಡ್ಡು ಹೊರತೆಗೆಯಲು ನೀವು ಕ್ಯಾಷ್ ಔಟ್ ಬಟನ್ ಒತ್ತಿದಾಗ ಮಷೀನು ಕ್ಯಾಸಿನೊದ ಕಂಪ್ಯೂಟರಿಗೆ ಒಂದು ನಂಬರು ಮತ್ತು ಒಂದು ಮೊತ್ತ ಬರೆಸುತ್ತದೆ. ಅದೇ ನಂಬರನ್ನು ಬಾರ್‌ಕೋಡಾಗಿ ಕಾಗದದ ಮೇಲೆ ಅಚ್ಚು ಹಾಕುತ್ತದೆ. ಬಾರ್‌ಕೋಡಿನೊಳಗೆ ದುಡ್ಡಿನ ಲೆಕ್ಕ ಇರುವುದಿಲ್ಲ, ಬರೀ ನಂಬರು. ದುಡ್ಡು ಕಂಪ್ಯೂಟರಿನ ಖಾತೆಯಲ್ಲಿ. ಸಿದ್ಧಾರೂಢರ ಜಾತ್ರೆಯಲ್ಲಿ ಚಪ್ಪಲಿ ಬಿಟ್ಟು ಟೋಕನ್ ತಗೊಳ್ಳುತ್ತೀರಲ್ಲ, ಹಾಗೇ. ಟೋಕನ್ ಚಪ್ಪಲಿ ಅಲ್ಲ. ಆದರೆ ಅದು ಕಳೆದರೆ ಬರಿಗಾಲಲ್ಲಿ ಮನೆಗೆ. ಅದೇ ನಂಬರು ಹೇಳಿ ಬೇರೆಯವರು ಮೊದಲು ಹೋದರೂ ಬರಿಗಾಲೇ.

ಒಂದು ಸಲ ಪಾವತಿ ಆದ ನಂಬರು ಅಲ್ಲಿಗೆ ಮುಗಿಯಿತು. ಚೀಟಿಯ ಹತ್ತು ಜೆರಾಕ್ಸ್ ಮಾಡಿಸಿದರೂ ಮೊದಲು ಹೋದದ್ದಕ್ಕೆ ಮಾತ್ರ ದುಡ್ಡು.

ಹಂತ 1: ಮನೆಯಿಂದ ಹೊರಡುವಾಗ

ಬೇಕಾದ ಸಾಮಾನು ಕಡಿಮೆ. ಫೋಟೊ ಇರುವ ಗುರುತಿನ ಚೀಟಿಯ ಅಸಲು ಪ್ರತಿ, ಪ್ಯಾನ್ ಕಾರ್ಡ್, ಒಂದು ಪೆನ್ನು, ಸಣ್ಣ ನೋಟ್‌ಬುಕ್, ಮತ್ತು ಒಂದು ಕಾಗದದ ಲಕೋಟೆ. ಲಕೋಟೆ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಗೋವಾದ ಕ್ಯಾಸಿನೊದೊಳಗೆ 21 ವರ್ಷ ತುಂಬದವರನ್ನು ಬಿಡುವುದಿಲ್ಲ. ಮೊಬೈಲಿನಲ್ಲಿರುವ ಆಧಾರ್ ಫೋಟೊ ಬಾಗಿಲಲ್ಲಿ ನಡೆದರೂ ದೊಡ್ಡ ಮೊತ್ತ ತಗೊಳ್ಳುವಾಗ ನಡೆಯದೇ ಹೋಗಬಹುದು.

ಇದೆಲ್ಲ ಗೋವಾದ ಮಾತು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಹಿಂದಿನ ಕೋಣೆಯಲ್ಲಿ ಮಷೀನಿಟ್ಟು ಕರೆದರೆ ಹೋಗಬೇಡಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಜೂಜಿನ ಅಡ್ಡೆ ನಡೆಸುವವರ ಮೇಲೆ ಮಾತ್ರ ಅಲ್ಲ, ಅಲ್ಲಿ ಸಿಕ್ಕವರ ಮೇಲೂ ಕೇಸು ಬೀಳುತ್ತದೆ. ಮೊಬೈಲಿನಲ್ಲಿ 'ಅಸಲಿ ದುಡ್ಡಿನ ಸ್ಲಾಟ್' ಅಂತ ಬರುವ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರಲ್ಲಿ ದೇಶಕ್ಕೆಲ್ಲ ಬಂದಿದೆ. ಅಲ್ಲಿ ಸಿಕ್ಕಿಕೊಂಡ ದುಡ್ಡಿಗೆ ಯಾವ ಕೌಂಟರೂ ಇಲ್ಲ.

ಹಂತ 2: ಒಳಗೆ ಕಾಲಿಟ್ಟ ಕೂಡಲೇ ಮೂರು ಪ್ರಶ್ನೆ

ಮಷೀನಿನ ಮುಂದೆ ಕೂರುವ ಮುಂಚೆ ಫ್ಲೋರಿನಲ್ಲಿ, ಅಂದರೆ ಆಟದ ಹಾಲಿನಲ್ಲಿ, ಓಡಾಡುವ ಅಟೆಂಡೆಂಟ್ ಹತ್ತಿರ ಮೂರೇ ಮಾತು ಕೇಳಿ. ನಾಚಿಕೊಳ್ಳಬೇಡಿ, ಅವರ ಕೆಲಸವೇ ಅದು.

ಒಂದು, "ಇಲ್ಲಿ ಪಾವತಿ ಚೀಟಿಯಲ್ಲೋ, ಕಾರ್ಡಿನಲ್ಲೋ?" ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಕಾರ್ಡ್ ಪದ್ಧತಿ ಇದ್ದರೆ ಕ್ಯಾಷ್ ಔಟ್ ಒತ್ತಿದಾಗ ಚೀಟಿ ಬರುವುದಿಲ್ಲ, ಮೊತ್ತ ನಿಮ್ಮ ಹೆಸರಿನ ಖಾತೆಗೆ ಹೋಗುತ್ತದೆ. ಅಲ್ಲಿ ಜನ ಮಾಡುವ ತಪ್ಪು ಒಂದೇ: ಪರದೆಯ ಮೇಲೆ ಕ್ರೆಡಿಟ್, ಅಂದರೆ ಮಷೀನಿನಲ್ಲಿ ಉಳಿದ ಲೆಕ್ಕ, ಸೊನ್ನೆ ಆಗುವ ಮುಂಚೆಯೇ ಕಾರ್ಡ್ ಕಿತ್ತುಕೊಳ್ಳುವುದು. ಸೊನ್ನೆ ಕಂಡ ಮೇಲೆ ಎರಡು ಉಸಿರು ಕಾದು ತೆಗೆಯಿರಿ.

ಎರಡು, "ಚೀಟಿ ಎಷ್ಟು ದಿನ ನಡೆಯುತ್ತದೆ?" ಪ್ರತಿ ಕ್ಯಾಸಿನೊಗೂ ಅದರದೇ ಲೆಕ್ಕ. ಚೀಟಿಯ ಮೇಲೂ ಅಚ್ಚಾಗಿರುತ್ತದೆ. ಆದರೂ ಬಾಯಿಬಿಟ್ಟು ಕೇಳಿಬಿಡಿ.

ಮೂರು, "5,000 ಕೊಟ್ಟರೆ ಆಡೋಕೆ ಎಷ್ಟು ಸಿಗುತ್ತೆ?" ಇದನ್ನು ಯಾರೂ ಕೇಳುವುದಿಲ್ಲ. ಆಮೇಲೆ ಲೆಕ್ಕ ಕಡಿಮೆ ಬಂತು ಅಂತ ನನ್ನ ಹತ್ತಿರ ಜಗಳಕ್ಕೆ ಬರುತ್ತಾರೆ. ಕ್ಯಾಸಿನೊದಲ್ಲಿ ಜಿಎಸ್‌ಟಿ ಬೀಳುವುದು ನೀವು ಗೆದ್ದದ್ದರ ಮೇಲಲ್ಲ, ಟೋಕನ್ ಅಥವಾ ಚೀಟಿ ಕೊಳ್ಳಲು ಕೊಟ್ಟ ದುಡ್ಡಿನ ಮೇಲೆ. 2023ರ ಅಕ್ಟೋಬರ್‌ನಿಂದ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಒಂದು ರೂಪಾಯಿಯನ್ನೂ ಆಡದೆ ವಾಪಸ್ ಕೊಟ್ಟರೂ ಆ ತೆರಿಗೆ ವಾಪಸ್ ಬರುವುದಿಲ್ಲ. "ಸುಮ್ನೆ ಹಾಕಿ ನೋಡ್ತೀನಿ, ಬೇಡ ಅನ್ನಿಸಿದ್ರೆ ತೆಗೀತೀನಿ" ಅನ್ನುವವರು ಇದನ್ನು ಎರಡು ಸಲ ಓದಿ.

ಹಂತ 3: ದುಡ್ಡು ಹಾಕುವುದು

ನೋಟು ಹಾಕುವ ಬಾಯಿಯೇ ಚೀಟಿಯನ್ನೂ ಓದುತ್ತದೆ. ಮಡಿಕೆ ಬಿದ್ದ, ಒದ್ದೆಯಾದ ನೋಟನ್ನು ವಾಪಸ್ ಉಗುಳುತ್ತದೆ. ಬಿಡಿಸಿ ಹಾಕಿ, ತಳ್ಳಬೇಡಿ. ಒಂದೊಂದು ನೋಟು ಹಾಕಿದ ಮೇಲೂ ಪರದೆಯ ಅಂಕಿ ಏರಿತೇ ಅಂತ ನೋಡಿ, ಆಮೇಲೆ ಮುಂದಿನದು. ನಾಲ್ಕು ನೋಟು ಒಂದರ ಹಿಂದೊಂದು ತುರುಕಿ ಆಮೇಲೆ "ಮೂರೇ ಸೇರಿದೆ" ಅಂದರೆ ಯಾವುದು ಎಲ್ಲಿ ಹೋಯಿತು ಅಂತ ಹೇಳುವುದು ಕಷ್ಟ.

ಇನ್ನು ಕ್ರೆಡಿಟ್ ಲೆಕ್ಕ. ಇಲ್ಲೇ ಅರ್ಧ ಜನ ಎಡವುವುದು. ಪರದೆ ತೋರಿಸುವುದು ರೂಪಾಯಿ ಅಲ್ಲ, ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ ಎಷ್ಟು ಅಂತ ಮಷೀನಿನ ಮೇಲೆ ಬರೆದಿರುತ್ತದೆ, ಅದಕ್ಕೆ ಡಿನಾಮಿನೇಷನ್ ಅನ್ನುತ್ತಾರೆ. 5 ರೂಪಾಯಿ ಮಷೀನಿನಲ್ಲಿ 920 ಅಂತ ಕಂಡರೆ ಅದು 4,600 ರೂಪಾಯಿ. 1 ರೂಪಾಯಿ ಮಷೀನಿನಲ್ಲಿ ಅದೇ 920 ಬರೀ 920 ರೂಪಾಯಿ. ಬಹಳಷ್ಟು ಮಷೀನುಗಳಲ್ಲಿ ಆ ಅಂಕಿಯ ಮೇಲೆ ಬೆರಳಿಟ್ಟರೆ ರೂಪಾಯಿಗೆ ಬದಲಾಗುತ್ತದೆ. ಮುಟ್ಟಿ ನೋಡಿ. ರೂಪಾಯಿಯಲ್ಲಿ ಕಂಡಾಗ ಎಷ್ಟೋ ಜನ ತಾವಾಗೇ ಎದ್ದು ಹೋಗಿದ್ದನ್ನು ಕಂಡಿದ್ದೇನೆ.

ಹಂತ 4: ಕ್ಯಾಷ್ ಔಟ್ ಒತ್ತುವುದು

ಕ್ರಮ ಹೀಗೆ.

1. ಚಕ್ರ ಪೂರ್ತಿ ನಿಲ್ಲಲಿ. ಗೆದ್ದಿದ್ದರೆ ಅಂಕಿ ಟಕಟಕ ಅಂತ ಏರುತ್ತಿರುತ್ತದೆ, ಅದು ಮುಗಿಯಲಿ. ಫ್ರೀ ಗೇಮ್ ನಡೆಯುತ್ತಿದ್ದರೆ ಅದೂ ಮುಗಿಯಲಿ. ನಡುವೆ ಒತ್ತಿದರೆ ಮಷೀನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಜನ ಕೆಟ್ಟಿದೆ ಅಂದುಕೊಂಡು ಕೈಗೆ ಸಿಕ್ಕ ಬಟನ್ ಒತ್ತುತ್ತಾರೆ, ಇನ್ನೊಂದು ಆಟ ಶುರುವಾಗುತ್ತದೆ, ಅಷ್ಟೂ ಕ್ರೆಡಿಟ್ ಹೋಗುತ್ತದೆ.

2. 'ಗ್ಯಾಂಬಲ್' ಅಥವಾ 'ಡಬಲ್ ಅಪ್' ಅಂತ ಕೆಂಪು-ಕಪ್ಪು ಎಲೆ ತೋರಿಸಿ ಕೇಳಿದರೆ 'ಟೇಕ್ ವಿನ್' ಒತ್ತಿ. ಅದನ್ನು ಒತ್ತದಿದ್ದರೆ ಕ್ಯಾಷ್ ಔಟ್ ಕೆಲಸ ಮಾಡುವುದಿಲ್ಲ.

3. ಪರದೆಯ ಮೊತ್ತ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಮಷೀನ್ ನಂಬರು, ಟೈಮು. ಹತ್ತು ಸೆಕೆಂಡಿನ ಕೆಲಸ. ಮುಂದೆ ಏನೇ ತಕರಾರು ಬಂದರೂ ನಿಮ್ಮ ಕೈಯಲ್ಲಿರುವ ದಾಖಲೆ ಇದೊಂದೇ.

4. ಕ್ಯಾಷ್ ಔಟ್ ಒಂದೇ ಸಲ ಒತ್ತಿ ಕಾಯಿರಿ. ಒಳಗೆ ಪ್ರಿಂಟರ್ ಗರ್ ಅನ್ನುತ್ತದೆ. ಚೀಟಿ ಅರ್ಧ ಹೊರಬಂದು ನಿಲ್ಲುತ್ತದೆ, ಆಮೇಲೆ ಪೂರ್ತಿ ಬರುತ್ತದೆ. ಅರ್ಧಕ್ಕೇ ಹಿಡಿದು ಎಳೆಯಬೇಡಿ. ಬಸ್ಸಿನಲ್ಲಿ ಕಂಡಕ್ಟರ್ ಮಷೀನಿನಿಂದ ಟಿಕೆಟ್ ಹರಿದುಕೊಟ್ಟ ಹಾಗಲ್ಲ, ಇಲ್ಲಿ ಎಳೆದರೆ ಬಾರ್‌ಕೋಡ್ ಸೊಟ್ಟಗಾಗುತ್ತದೆ. ಹಾಗಾದ ಚೀಟಿಯನ್ನು ಯಾವ ಮಷೀನೂ ಓದುವುದಿಲ್ಲ.

5. ಚೀಟಿ ಕೈಗೆ ಬಂದ ಮೇಲೆ ಪರದೆ ನೋಡಿ. ಸೊನ್ನೆ ಇರಬೇಕು. ಇಲ್ಲದಿದ್ದರೆ ಕದಲಬೇಡಿ.

ಈ ಐದರಲ್ಲಿ ಕೊನೆಯದನ್ನೇ ಜಾಸ್ತಿ ಜನ ಬಿಡುತ್ತಾರೆ. ಗೆಳೆಯರು "ಬಾರಲೇ, ಊಟಕ್ಕ ಕರ್ಯಾಕತ್ತಾರ" ಅಂತ ಕೂಗಿದರೆ ಬಟನ್ ಒತ್ತಿ ಎದ್ದೇ ಬಿಡುತ್ತಾರೆ. ಚೀಟಿ ಮಷೀನಿನ ಬಾಯಲ್ಲಿ ನಾಲಿಗೆ ಚಾಚಿದ ಹಾಗೆ ಜೋತುಬಿದ್ದಿರುತ್ತದೆ. ಆ ಚೀಟಿಯ ಮೇಲೆ ನಿಮ್ಮ ಹೆಸರಿಲ್ಲ.

ಹಂತ 5: ಚೀಟಿ ಓದುವುದು

ಮಷೀನಿನ ಮುಂದೆ ನಿಂತೇ ಓದಿ. ದೂರ ಹೋಗಿ ಓದಿದರೆ ಪ್ರಯೋಜನ ಇಲ್ಲ.

ಮೊದಲು ಎಲ್ಲಕ್ಕಿಂತ ಮೇಲಿನ ಸಾಲು. 'ಕ್ಯಾಷ್‌ಔಟ್ ಟಿಕೆಟ್' ಅಥವಾ 'ಕ್ಯಾಷ್‌ಔಟ್ ವೋಚರ್' ಅಂತಿದ್ದರೆ ಅದು ನಗದಾಗುತ್ತದೆ. 'ಪ್ಲೇಯಬಲ್ ಓನ್ಲಿ' ಅಂತಿದ್ದರೆ ಆಡೋಕೆ ಮಾತ್ರ, ಕೌಂಟರಿನಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ.

ಈ ಎರಡನೆಯದರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ನಮ್ಮ ಕಡೆಯವರು ಜಾಸ್ತಿ ಮೋಸ ಹೋದೆವು ಅಂತ ಕೂಗುವುದು ಇದಕ್ಕೇ. ಪ್ರವೇಶದ ಪ್ಯಾಕೇಜ್ ತಗೊಂಡಾಗ ಜೊತೆಗೆ ಇಷ್ಟು ಮೊತ್ತದ ಆಟ ಪುಕ್ಕಟೆ ಅಂತ ಕೊಡುತ್ತಾರೆ. ಅದು ಪ್ರೊಮೋ ಕ್ರೆಡಿಟ್. ಅದರಿಂದ ಆಡಿ ಗೆದ್ದರೆ ಗೆದ್ದದ್ದು ನಿಮ್ಮದು. ಆದರೆ ಆ ಕ್ರೆಡಿಟ್ಟನ್ನೇ ನೇರವಾಗಿ ದುಡ್ಡು ಮಾಡಿಕೊಳ್ಳೋಕೆ ಬರುವುದಿಲ್ಲ. ಗೋಕುಲ ರೋಡಿನ ಮಾಲಿನಲ್ಲಿ ಮಕ್ಕಳ ಗೇಮ್ ಕಾರ್ಡಿಗೆ ಹೆಚ್ಚುವರಿ ಪಾಯಿಂಟ್ ಹಾಕಿ ಕೊಡುತ್ತಾರಲ್ಲ, ಅವನ್ನು ವಾಪಸ್ ಕೊಡಿ ಅಂತ ಕೇಳಿದರೆ ಹುಡುಗ ನಗುತ್ತಾನೆ. ಇದೂ ಹಾಗೇ. ನಿಮ್ಮ ಸ್ವಂತ ದುಡ್ಡು ಮತ್ತು ಪ್ರೊಮೋ ಎರಡೂ ಒಂದೇ ಮಷೀನಿನಲ್ಲಿದ್ದರೆ ಕ್ಯಾಷ್ ಔಟ್ ಮಾಡಿದಾಗ ಎರಡು ಚೀಟಿ ಬರಬಹುದು, ನಗದಿನದು ಒಂದು, ಆಟದ್ದು ಇನ್ನೊಂದು. ಮೊದಲನೆಯದು ಬಂದ ಕೂಡಲೇ ಎದ್ದುಹೋಗಬೇಡಿ. ಪ್ರಿಂಟರ್ ಸದ್ದು ನಿಲ್ಲುವವರೆಗೆ ಕೂತಿರಿ.

ಆಮೇಲೆ ಮೊತ್ತ. ಅಂಕಿಯಲ್ಲೂ ಇರುತ್ತದೆ, ಅಕ್ಷರದಲ್ಲೂ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದಕ್ಕೆ ಹೊಂದಬೇಕು.

ಆಮೇಲೆ ದಿನಾಂಕ, ಟೈಮು, ಮಷೀನ್ ನಂಬರು, ಎಷ್ಟು ದಿನದೊಳಗೆ ಅನ್ನುವ ಸಾಲು.

ಕೊನೆಗೆ ವ್ಯಾಲಿಡೇಷನ್ ನಂಬರು, ಮೊದಲೇ ಹೇಳಿದ ಕಂಪ್ಯೂಟರ್ ಖಾತೆಯ ನಂಬರು ಇದೇ. 18 ಅಂಕಿ. ಮೊದಲು ಎರಡು, ಆಮೇಲೆ ನಾಲ್ಕು ನಾಲ್ಕರ ನಾಲ್ಕು ಗುಂಪು. ಸಾಮಾನ್ಯವಾಗಿ ಬಾರ್‌ಕೋಡಿನ ಹತ್ತಿರ ಒಂದು ಸಲ, ಚೀಟಿಯ ಅಂಚಿನಲ್ಲಿ ಅಡ್ಡಲಾಗಿ ಇನ್ನೊಂದು ಸಲ ಅಚ್ಚಾಗಿರುತ್ತದೆ. ಎರಡು ಕಡೆ ಹಾಕುವುದು ಒಂದು ಹರಿದರೆ ಇನ್ನೊಂದು ಉಳಿಯಲಿ ಅಂತ. ಈ ನಂಬರನ್ನು ಪೆನ್ನಿನಿಂದ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಬಾರ್‌ಕೋಡ್ ಹಾಳಾದರೂ ಕೌಂಟರಿನಲ್ಲಿ ಈ ನಂಬರನ್ನು ಕೈಯಿಂದ ಟೈಪ್ ಮಾಡಿ ಹುಡುಕುತ್ತಾರೆ. ನಾನು ದಿನಕ್ಕೆ ಎಷ್ಟೋ ಸಲ ಟೈಪ್ ಮಾಡಿದ್ದೇನೆ.

ಫೋಟೊ ತೆಗೆಯಬಹುದಾ? ಫ್ಲೋರಿನಲ್ಲಿ ಕೆಲವು ಕಡೆ ಕ್ಯಾಮೆರಾ ಬಿಡುವುದಿಲ್ಲ, ಕೇಳಿ ತೆಗೆಯಿರಿ. ತೆಗೆದರೂ ನಿಮ್ಮ ಫೋನಿನಲ್ಲೇ ಇರಲಿ. "ನೋಡ್ರಲೇ ಗೆದ್ದೆ" ಅಂತ ವಾಟ್ಸ್‌ಆ್ಯಪ್ ಗ್ರೂಪಿಗೆ ಬಾರ್‌ಕೋಡ್ ಸಮೇತ ಹಾಕುವುದು ಎಟಿಎಂ ಪಿನ್ನನ್ನು ಗೋಡೆಗೆ ಬರೆದ ಹಾಗೆ.

ಹಂತ 6: ಅದೇ ಚೀಟಿ ಇನ್ನೊಂದು ಮಷೀನಿಗೆ

ಬೇರೆ ಮಷೀನಿನಲ್ಲಿ ಆಡಬೇಕಾದರೆ ಚೀಟಿಯನ್ನೇ ನೋಟಿನ ಹಾಗೆ ಹಾಕಬಹುದು. ಬಾರ್‌ಕೋಡ್ ಮೇಲಕ್ಕೆ ಇರಲಿ, ಮಷೀನಿನ ಮೇಲಿನ ಚಿತ್ರ ನೋಡಿ ಹಾಕಿ. ಚೀಟಿ ವಾಪಸ್ ಬಂದರೆ ಕಾರಣ ಇವುಗಳಲ್ಲಿ ಒಂದು: ಅದು ಬೇರೆ ಕ್ಯಾಸಿನೊದ್ದು, ಅವಧಿ ಮುಗಿದಿದೆ, ಮಡಿಕೆ ಬಾರ್‌ಕೋಡಿನ ಮೇಲೇ ಬಿದ್ದಿದೆ, ಇಲ್ಲವೇ ನೆಟ್‌ವರ್ಕ್ ಹೋಗಿದೆ. ಎರಡು ಸಲ ಹಾಕಿ ನೋಡಿ. ಮೂರನೇ ಸಲ ಬೇಡ, ಕೌಂಟರಿಗೆ ನಡೆಯಿರಿ.

ಚೀಟಿ ಒಳಗೆ ಹೋಗಿ, ಕ್ರೆಡಿಟ್ ಏರದೇ, ಚೀಟಿಯೂ ವಾಪಸ್ ಬರದಿದ್ದರೆ ಎಚ್ಚರ. ಆ ನಂಬರು ನಡುದಾರಿಯಲ್ಲಿ ನಿಂತಿರುತ್ತದೆ. ಮಷೀನು ಕೇಳಿದೆ, ಕಂಪ್ಯೂಟರ್ ಹೂಂ ಅಂದಿದೆ, ಆದರೆ ಜಮಾ ಆಯಿತು ಅನ್ನುವ ಉತ್ತರ ಹೋಗಿಲ್ಲ. ಇದನ್ನು ಫ್ಲೋರಿನವರೇ ಬಿಡಿಸಬೇಕು. ಅಲ್ಲೇ ಕೂತು ಸರ್ವಿಸ್ ಬಟನ್ ಒತ್ತಿ. ಮೇಲಿನ ದೀಪ ಮಿನುಗುತ್ತದೆ, ಯಾರಾದರೂ ಬರುತ್ತಾರೆ. ನೀವು ಎದ್ದು ಹುಡುಕಿಕೊಂಡು ಹೋದರೆ ಅಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ.

ಹಂತ 7: ಕೌಂಟರ್ ಅಥವಾ ಕಿಯಾಸ್ಕ್

ಹಣದ ಕೌಂಟರಿಗೆ ಅಲ್ಲಿ 'ಕೇಜ್' ಅನ್ನುತ್ತಾರೆ. ಕೆಲವು ಕಡೆ ಎಟಿಎಂ ತರಹದ ಕಿಯಾಸ್ಕ್ ಕೂಡ ಇರುತ್ತದೆ. ಸಣ್ಣ ಮೊತ್ತಕ್ಕೆ ಕಿಯಾಸ್ಕ್ ಬೇಗ. ಆದರೆ ಮೊತ್ತ ದೊಡ್ಡದಿದ್ದರೆ, ಚೀಟಿ ಸುಕ್ಕಾಗಿದ್ದರೆ, ಮನಸ್ಸಿನಲ್ಲಿ ಯಾವ ಅನುಮಾನ ಇದ್ದರೂ ಕೌಂಟರಿಗೇ ಹೋಗಿ. ಕಿಯಾಸ್ಕ್ ನುಂಗಿದರೆ ಮತ್ತೆ ಅಟೆಂಡೆಂಟ್ ಹುಡುಕಬೇಕು.

ಚೀಟಿ ಜಾಸ್ತಿ ಇದ್ದರೆ ಒಟ್ಟು ಎಷ್ಟು ಅಂತ ಮೊದಲೇ ಕೂಡಿಸಿಕೊಂಡು ಹೋಗಿ. ಕೌಂಟರಿನವರು ಒಂದೊಂದನ್ನು ಸ್ಕ್ಯಾನ್ ಮಾಡಿದಾಗ ಪರದೆ ನೋಡಿ. ಅಲ್ಲೇ ಎಣಿಸಿ. ಹಿಂದಿನವರು ಗೊಣಗಿದರೂ ಎಣಿಸಿ.

ಟೈಮಿನ ಬಗ್ಗೆ ಒಂದು ಮಾತು. ತೇಲುವ ಕ್ಯಾಸಿನೊದಿಂದ ದಡಕ್ಕೆ ಬರೋಕೆ ಸಣ್ಣ ದೋಣಿ ಹಿಡಿಯಬೇಕು. ಬೆಳಗಿನ ಜಾವ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಕೌಂಟರ್ ಮುಂದೆ ಸಾಲು, ಆ ಕಡೆ ದೋಣಿ ಹೊರಡುತ್ತಿದೆ, ಡ್ರೈವರ್ ಫೋನ್ ಮೇಲೆ ಫೋನ್ ಮಾಡುತ್ತಿದ್ದಾನೆ. ಆಗ ಜನ "ಇರ್ಲಿ ಬಿಡು, ಮುಂದಿನ ಸಲ ಬಂದಾಗ ತಗೊಂಡ್ರಾತು" ಅಂತ ಚೀಟಿ ಜೇಬಿಗೆ ಹಾಕಿಕೊಂಡು ಬರುತ್ತಾರೆ. ನನ್ನ ಅಂಗಡಿಗೆ ಬರುವ ಚೀಟಿಗಳಲ್ಲಿ ಹೆಚ್ಚಿನವು ಹುಟ್ಟುವುದು ಆ ಹೊತ್ತಿನಲ್ಲೇ. ಹೊರಡುವುದಕ್ಕೆ ಒಂದು ತಾಸು ಮುಂಚೆ ಕ್ಯಾಷ್ ಔಟ್ ಮಾಡಿ, ಸಾಲು ಬೆಳೆಯುವ ಮುಂಚೆ.

ಹಂತ 8: ದೊಡ್ಡ ಮೊತ್ತ ಬಂದರೆ

ಒಂದು ಮಿತಿ ದಾಟಿದ ಗೆಲುವಿಗೆ ಮಷೀನು ಚೀಟಿ ಕೊಡುವುದಿಲ್ಲ. ಲಾಕ್ ಆಗುತ್ತದೆ, ದೀಪ ಮಿನುಗುತ್ತದೆ, ಪರದೆಯಲ್ಲಿ 'ಹ್ಯಾಂಡ್ ಪೇ' ಅಂತ ಬರುತ್ತದೆ. ಕೈಯಲ್ಲೇ ಕೊಡುವ ಪಾವತಿ ಅಂತ ಅರ್ಥ. ಮಷೀನ್ ಕೆಟ್ಟಿದೆ ಅಂತ ಹೆದರಬೇಡಿ, ಬಟನ್ ಕುಟ್ಟಬೇಡಿ, ಕುರ್ಚಿ ಬಿಡಬೇಡಿ. ಅಟೆಂಡೆಂಟ್ ಕೀಲಿ ತಂದು ತೆರೆದು ಮೊತ್ತ ಪರಿಶೀಲಿಸುತ್ತಾರೆ.

ಗುರುತಿನ ಚೀಟಿ, ಪ್ಯಾನ್ ಕೇಳುವುದು ಆಗಲೇ. 10,000 ರೂಪಾಯಿ ದಾಟಿದ ಗೆಲುವಿಗೆ ಶೇ 30ರಷ್ಟು ತೆರಿಗೆಯನ್ನು ಮೂಲದಲ್ಲೇ ಹಿಡಿಯಬೇಕು ಅಂತ ಆದಾಯ ತೆರಿಗೆ ನಿಯಮ. ಅಂದರೆ 1,00,000 ಗೆದ್ದರೆ ಕೈಗೆ 70,000. "ನನ್ನ ದುಡ್ಡು ಹಿಡಿದುಕೊಂಡರು" ಅಂತ ಕೌಂಟರಿನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ. ಬದಲಿಗೆ, ಹಿಡಿದದ್ದಕ್ಕೆ ಟಿಡಿಎಸ್ ಪ್ರಮಾಣಪತ್ರ ಯಾವಾಗ, ಯಾವ ಇಮೇಲಿಗೆ ಬರುತ್ತದೆ ಅಂತ ಕೇಳಿ ಬರೆದುಕೊಳ್ಳಿ. ಪ್ಯಾನ್ ನಂಬರನ್ನು ಅವರು ಟೈಪ್ ಮಾಡಿದ ಮೇಲೆ ಒಂದು ಸಲ ಓದಿಸಿ. ಒಂದಕ್ಷರ ತಪ್ಪಿದರೂ ತೆರಿಗೆ ಬೇರೆ ಯಾರದೋ ಲೆಕ್ಕಕ್ಕೆ.

ಸಹಿ ಹಾಕುವ ಕಾಗದದಲ್ಲಿ ಮೂರು ಅಂಕಿ ನೋಡಿ: ಗೆದ್ದದ್ದು, ಹಿಡಿದದ್ದು, ಕೊಡುವುದು. ಇನ್ನೊಂದು ವಿಷಯ, ಒಂದೇ ದಿನ ಒಬ್ಬರಿಂದ 2,00,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದು ಕಾನೂನಿಗೆ ವಿರುದ್ಧ. ದಂಡ ಬೀಳುವುದು ಕೊಟ್ಟವರಿಗಲ್ಲ, ತಗೊಂಡವರಿಗೆ. ಬ್ಯಾಂಕ್ ಖಾತೆಗೇ ಹಾಕಿ ಅನ್ನಿ.

ಮಷೀನ್ ಕೈಕೊಟ್ಟರೆ

ಪ್ರಿಂಟರ್‌ನಲ್ಲಿ ಕಾಗದ ಮುಗಿಯುತ್ತದೆ, ಸಿಕ್ಕಿಕೊಳ್ಳುತ್ತದೆ. ಹೆಸ್ಕಾಂ ಮೀಟರ್ ರೀಡರ್ ಕೈಯಲ್ಲಿರುವ ಬಿಲ್ ಮಷೀನಿಗೆ ಆಗುವುದೇ ಇದಕ್ಕೂ ಆಗುತ್ತದೆ, ಒಳಗಿನ ಜೀವ ಒಂದೇ. ಕಾಗದ ಇಲ್ಲದಿದ್ದರೆ ಮಷೀನು ಲಾಕ್ ಆಗಿ ಹ್ಯಾಂಡ್ ಪೇ ಕೇಳುತ್ತದೆ. ದುಡ್ಡು ಎಲ್ಲೂ ಹೋಗಿಲ್ಲ.

ಚೀಟಿ ಅರ್ಧ ಬಂದು ಸಿಕ್ಕಿಕೊಂಡರೆ ಉಗುರಿನಿಂದ, ಪೆನ್ನಿನಿಂದ ಕೆದಕಬೇಡಿ. ಅಟೆಂಡೆಂಟ್ ಬಾಗಿಲು ತೆರೆದು ತೆಗೆಯಲಿ. ಚೀಟಿ ಖಾಲಿ ಬಂದರೂ, ಅಚ್ಚು ಮಸುಕಾಗಿದ್ದರೂ ಬಿಸಾಕಬೇಡಿ. ಇತ್ತೀಚೆಗೆ ಕೊಟ್ಟ ಚೀಟಿಗಳ ಪಟ್ಟಿ ಮಷೀನಿನ ನೆನಪಿನಲ್ಲೂ ಇರುತ್ತದೆ, ಕಂಪ್ಯೂಟರಿನಲ್ಲೂ ಇರುತ್ತದೆ. ಟೈಮು, ಮೊತ್ತ ಹೇಳಿದರೆ ಹೊಂದಿಸಿ ನೋಡುತ್ತಾರೆ. ನೋಟ್‌ಬುಕ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಕರೆಂಟ್ ಹೋದರೆ? ಕೂತಿರಿ. ಮಷೀನು ಮತ್ತೆ ಚಾಲೂ ಆದಾಗ ನಿಂತ ಜಾಗದಿಂದಲೇ ಮುಂದುವರಿಯುತ್ತದೆ, ಕ್ರೆಡಿಟ್ ಹಾಗೇ ಇರುತ್ತದೆ.

ಮಷೀನಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಮಷೀನು ದೋಷದಿಂದ ನಡೆದರೆ ಆಟವೂ ಪಾವತಿಯೂ ರದ್ದು ಅಂತ. ಪರದೆಯಲ್ಲಿ ಏನೋ ಎಡವಟ್ಟು ದೊಡ್ಡ ಅಂಕಿ ಬಂತು ಅಂತ ಕುಣಿಯುವ ಮುಂಚೆ ಇದನ್ನು ನೆನಪಿಡಿ.

ಚೀಟಿ ಕಾಪಾಡುವುದು

ಈ ಕಾಗದಕ್ಕೆ ಇಂಕು ಇಲ್ಲ. ಮೇಲೆ ಒಂದು ಲೇಪ ಇದೆ, ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ. ಹಾಗೇ ಅಚ್ಚಾಗುವುದು. ಹಾಗಾಗಿ ಬಿಸಿ ಜಾಸ್ತಿಯಾದರೆ ಇಡೀ ಕಾಗದವೇ ಕಪ್ಪು. ಬಿಸಿಲಿಗೆ, ಎಣ್ಣೆಗೆ, ಸ್ಯಾನಿಟೈಸರ್‌ಗೆ, ಸೆಂಟಿಗೆ ಅಕ್ಷರ ಓದೋಕೆ ಬಾರದ ಹಾಗಾಗುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಕವರ್‌ನಲ್ಲಿ ದಿನಗಟ್ಟಲೆ ಇಟ್ಟರೂ ಅಷ್ಟೇ. ಜೋಪಾನವಾಗಿರಲಿ ಅಂತ ಪ್ಲಾಸ್ಟಿಕ್‌ನಲ್ಲಿ ಇಟ್ಟವರದೇ ಮೊದಲು ಹಾಳಾಗುತ್ತದೆ. ಕಾಗದದ ಲಕೋಟೆ ಸಾಕು. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಆ ಮಷೀನಿನ ಬಿಸಿಗೆ ಚೀಟಿ ಕಣ್ಣೆದುರೇ ಕಪ್ಪಾಗುತ್ತದೆ. ಮಿರ್ಚಿ ಭಜಿ ತಿಂದ ಕೈಯಲ್ಲಿ ಹಿಡಿಯಬೇಡಿ. ಪೇಡೆ ಡಬ್ಬಿಯ ಜೊತೆ ಬ್ಯಾಗಿಗೆ ಹಾಕಿ ತುಪ್ಪ ಹೀರಿಸಿ ತಂದವರೂ ಇದ್ದಾರೆ.

ಅಕ್ಷರ ಮಸುಕಾಗಿದ್ದರೆ ಒಂದು ಉಪಾಯ. ನೆರಳಿನಲ್ಲಿ ಫೋಟೊ ತೆಗೆದು ಫೋನಿನಲ್ಲೇ ಕಾಂಟ್ರಾಸ್ಟ್ ಏರಿಸಿ ನೋಡಿ. ಹಲವು ಸಲ ನಂಬರು ಕಾಣುತ್ತದೆ. ಇಸ್ತ್ರಿ ಪೆಟ್ಟಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಯಾವುದೂ ಬೇಡ.

ಇವರನ್ನು ಕಂಡರೆ ದೂರ ಸರಿಯಿರಿ

ದೋಣಿಯ ಹತ್ತಿರ, ಶೌಚಾಲಯದ ಹತ್ತಿರ ಯಾರೋ ಬಂದು "3,000ದ ಚೀಟಿ ಇದೆ, ಅರ್ಜೆಂಟ್, 2,000 ಕೊಡಿ" ಅನ್ನುತ್ತಾರೆ. ಅದು ಆಗಲೇ ಪಾವತಿಯಾದದ್ದರ ಪ್ರತಿ ಇರಬಹುದು, 'ಪ್ಲೇಯಬಲ್ ಓನ್ಲಿ' ಇರಬಹುದು, ಕದ್ದದ್ದೂ ಇರಬಹುದು. ಮೂರರಲ್ಲೂ ನಷ್ಟ ನಿಮಗೇ. "ಕೌಂಟರಿನಲ್ಲಿ ನಮ್ಮ ಹುಡುಗ ಇದ್ದಾನೆ, ತೆರಿಗೆ ಇಲ್ಲದೆ ತೆಗೆಸಿಕೊಡ್ತೀನಿ" ಅನ್ನುವವನು ಇನ್ನೂ ಅಪಾಯ.

ಖಾಲಿ ಮಷೀನಿನಲ್ಲಿ ಯಾರೋ ಬಿಟ್ಟ ಕ್ರೆಡಿಟ್ ಕಂಡರೆ, ನೆಲದ ಮೇಲೆ ಚೀಟಿ ಬಿದ್ದಿದ್ದರೆ, ಅಟೆಂಡೆಂಟ್ ಕೈಗೆ ಕೊಡಿ. ತಲೆ ಮೇಲೆ ಕ್ಯಾಮೆರಾ ಇರದ ಒಂದು ಮೊಳ ಜಾಗವೂ ಅಲ್ಲಿಲ್ಲ. 300 ರೂಪಾಯಿಯ ಬಿದ್ದ ಚೀಟಿ ಬಳಸಿ, ಇಡೀ ಗುಂಪು ಹೊರಗೆ ಹಾಕಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಊರಿಗೆ ಬಂದ ಮೇಲೆ

ಗೆದ್ದದ್ದನ್ನು ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು, ಟಿಡಿಎಸ್ ಹಿಡಿದಿದ್ದರೂ ಸರಿ. ಸೆಸ್ ಸೇರಿದರೆ ಶೇ 31.2 ಆಗುತ್ತದೆ. ಸೋತದ್ದನ್ನು ಗೆದ್ದದ್ದರಿಂದ ಕಳೆಯೋಕೆ ಬಿಡುವುದಿಲ್ಲ. ಶನಿವಾರ 40,000 ಗೆದ್ದು ಭಾನುವಾರ 50,000 ಕಳೆದುಕೊಂಡರೂ ತೆರಿಗೆ 40,000ಕ್ಕೇ. ಹಿಡಿದ ತೆರಿಗೆ ನಿಮ್ಮ ಹೆಸರಿಗೆ ಬಂದಿದೆಯೇ ಅಂತ ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ನೋಡಿಕೊಳ್ಳಿ.

ಚೀಟಿ ಜೇಬಿನಲ್ಲೇ ಉಳಿದು ಊರು ಸೇರಿದ್ದರೆ ಮೊದಲು ಅವಧಿ ನೋಡಿ. ಆಮೇಲೆ ಚೀಟಿಯ ಮೇಲಿರುವ ಕ್ಯಾಸಿನೊದ ಹೆಸರು ಹಿಡಿದು ಅವರದೇ ಇಮೇಲಿಗೆ ಬರೆಯಿರಿ. ನಂಬರು, ಮೊತ್ತ, ಮಷೀನು, ದಿನಾಂಕ, ಟೈಮು ಇಷ್ಟು ಸಾಕು. ಬಾರ್‌ಕೋಡಿನ ಫೋಟೊ ಅವರು ಕೇಳಿದರೆ ಮಾತ್ರ. ಅಸಲು ಚೀಟಿ ಎಷ್ಟೇ ಹಾಳಾಗಿದ್ದರೂ ಇಟ್ಟುಕೊಳ್ಳಿ.

ಕೇಶ್ವಾಪುರದ ಹುಡುಗನ ಪುಣ್ಯ, ಅವನ ಗೆಳೆಯ ತೆಗೆದ ಸೆಲ್ಫಿಯಲ್ಲಿ ಚೀಟಿ ಕೈಯಲ್ಲಿತ್ತು. ದೊಡ್ಡದು ಮಾಡಿ ನೋಡಿದೆವು. ಅಂಚಿನ 18 ಅಂಕಿಯಲ್ಲಿ 17 ಕಂಡವು, ಒಂದು ಅವನ ಹೆಬ್ಬೆರಳಿನ ಕೆಳಗೆ. ಆ ಒಂದು ಅಂಕಿ ಸುಟ್ಟ ಚೀಟಿಯ ಬೂದು ಭಾಗದಲ್ಲಿ ಸಿಕ್ಕಿತು, ಅದೂ ಅಂಗಡಿಯ ಭೂತಗನ್ನಡಿ ಹಿಡಿದ ಮೇಲೆ. ಇಮೇಲ್ ಹಾಕಿದ. ಮೂರನೇ ದಿನ ಉತ್ತರ ಬಂತು: ಪಾವತಿ ಆಗಿಲ್ಲ, ಅವಧಿ ಇನ್ನು ಎಂಟು ದಿನ ಇದೆ, ಅಸಲು ಚೀಟಿ ಮತ್ತು ಗುರುತಿನ ಚೀಟಿ ತಗೊಂಡು ಬನ್ನಿ. ಅನಮೋಡ ಘಟ್ಟ ಇಳಿದು ಹೋಗಿ ಬರುವ ಡೀಸೆಲ್ ಲೆಕ್ಕ ಹಾಕಿ ತಲೆ ಕೆರೆದುಕೊಂಡ. ಕೊನೆಗೆ ಕಾರು ಬಿಟ್ಟು ರಾತ್ರಿ ಬಸ್ಸು ಹತ್ತಿದ. ಚೀಟಿ ಈ ಸಲ ಲಕೋಟೆಯಲ್ಲಿತ್ತು.